ಕಸ್ತೂರಿಯ ರೊಟ್ಟಿಗೆ ನಾನು ಮಾಡಿಸಿದ ನೋಂದಣಿ

ಫಾರಂ ತುಂಬುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಗದಗ-ಬೆಟಗೇರಿಯಲ್ಲಿ ಯಾರೂ ಇಲ್ಲ ಎಂಬುದು ನನ್ನ ಬಹುದಿನದ ನಂಬಿಕೆಯಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿ ನಿವೃತ್ತನಾದವನು ನಾನು. ಪರೀಕ್ಷೆಯ ಫಾರಂ, ಸ್ಕಾಲರ್‌ಶಿಪ್ ಫಾರಂ, ಹೆಡ್‌ಮಾಸ್ತರರ ಪೆನ್ಶನ್ ಫಾರಂ, ಎಲ್ಲ ನನ್ನ ಕೈಯಿಂದಲೇ ಹೋದವು. ಒಂದೂ ತಿರುಗಿ ಬರಲಿಲ್ಲ. ಹೆಡ್‌ಮಾಸ್ತರರದು ಮಾತ್ರ ಎರಡು ಸಲ ಬಂತು. ಅದು ಅವರ ಸಹಿಯ ದೋಷ.

ನನ್ನ ಹೆಂಡತಿ ಕಸ್ತೂರಿಗೆ ಫಾರಂ ಗೀರಂ ಗೊತ್ತಿಲ್ಲ. ಆದರೆ ಅವಳು ಮಾಡುವ ಖಡಕ್ ಜೋಳದ ರೊಟ್ಟಿ ಮುರಿದರೆ ಪಕ್ಕದ ಮನೆಗೆ ಸಪ್ಪಳ ಕೇಳಬೇಕು, ಬಾಯಿಗಿಟ್ಟರೆ ಕರಗಬೇಕು. ನಮ್ಮ ಓಣಿಯ ಮದುವೆ, ಮುಂಜಿವೆ, ಸೀಮಂತ ಯಾವುದೂ ಅವಳ ರೊಟ್ಟಿಯಿಲ್ಲದೆ ಮುಗಿದಿಲ್ಲ. ಇಂಥ ಒಂದು ಸೀಮಂತದಲ್ಲಿ ಉಂಡ ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯ ಸಿದ್ದಲಿಂಗಪ್ಪ ಕೈ ತೊಳೆಯುವುದಕ್ಕೂ ಮೊದಲು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಯಕ್ಕಾ, ವಾರಕ್ಕ ನೂರು ಪಾಕೀಟು ಕೊಡ್ರಿ, ನಾ ಮಾರತೀನಿ. ಆದ್ರ ಪಾಕೀಟಿನ ಮ್ಯಾಲ ಆಹಾರ ಸುರಕ್ಷತಾ ನೋಂದಣಿ ನಂಬರ ಇರಬೇಕ ನೋಡ್ರಿ. ಇಲ್ಲಂದ್ರ ನಾ ಇಡಾಂಗಿಲ್ಲ."

ಕಸ್ತೂರಿಯ ಮುಖ ಆ ದಿನ ಹೇಗಿತ್ತೆಂದರೆ, ಮದುವೆಯ ದಿನವೂ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಬಂದವಳೇ ಹಿಂದಿನ ಓಣಿಯ ಫಕೀರವ್ವನನ್ನು ಕರೆಸಿದಳು. ಫಕೀರವ್ವ ದಿನಾ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುವವಳು. "ನಾಳಿಂದ ಹೊಲಕ್ಕ ಹೋಗೂದು ಬ್ಯಾಡ. ನನ್ನ ಕೂಡ ರೊಟ್ಟಿ ಬಡಿ" ಎಂದಳು ಕಸ್ತೂರಿ. ಫಕೀರವ್ವ ಕಳೆ ಕೀಳುವ ಕುರುಪಿಯನ್ನು ಅಟ್ಟಕ್ಕೆ ಎಸೆದು ಬಂದಳು. ಉಳಿದದ್ದು ಒಂದೇ, ನೋಂದಣಿ.

"ಸ್ಟೇಶನ್ ರಸ್ತಾದಾಗ ಕಂಪ್ಯೂಟರ್ ಹುಡುಗಿ ಅದಾಳಲ್ರಿ, ಆಕಿ ಕಡೆ ಮಾಡಿಸೂಣು" ಎಂದಳು ಕಸ್ತೂರಿ.

"ಕಂಪ್ಯೂಟರ್ ಹುಡುಗಿ! ಆಕಿ ಹುಟ್ಟೂಕಿಂತ ಮೊದಲಿಂದ ನಾ ಫಾರಂ ತುಂಬಾಕತ್ತೀನಿ!"

"ಅದಕ್ಕ ನನಗ ಅಂಜಿಕಿ ಬರ್ತೈತಿ."

ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಮೊಬೈಲು ಹಿಡಿದು ಪಡಸಾಲೆಯಲ್ಲಿ ಕುಳಿತೆ. ಕನ್ನಡಕ ದೇವರ ಮನೆಯಲ್ಲಿತ್ತು. ಎದ್ದು ತರುವುದು ಅನವಶ್ಯಕ ಎಂದು ತೀರ್ಮಾನಿಸಿದೆ. 'ವ್ಯವಹಾರದ ಬಗೆ' ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ತೆರೆಯಿತು. ಸಣ್ಣ ಸಣ್ಣ ಅಕ್ಷರ, ಇರುವೆ ಸಾಲು ಹೊರಟಂತೆ. ಧಾನ್ಯ ಎಂಬುದನ್ನು ಹುಡುಕಿ ಹೆಬ್ಬೆಟ್ಟು ಇಟ್ಟೆ. ಪಟ್ಟಿ ಸ್ವಲ್ಪ ಜಾರಿತು. ಇರಲಿ, ಕೊನೆಗೆ 'ಸಂಸ್ಕರಣೆ' ಎಂದಿತ್ತಲ್ಲ, ಸಾಕು. 'ಖಚಿತವೇ?' ಎಂದು ಮೊಬೈಲು ಕೇಳಿತು. ನನ್ನನ್ನು ಕೇಳುತ್ತದೆ! 'ಹೌದು' ಎಂದು ಒತ್ತಿದೆ. ಮತ್ತೊಮ್ಮೆ ಕೇಳಿತು. ಮತ್ತೊಮ್ಮೆ, ಈ ಸಲ ಸ್ವಲ್ಪ ಸಿಟ್ಟಿನಿಂದಲೇ ಒತ್ತಿದೆ.

ಮುಂದೆ ಮಾಲೀಕರ ಹೆಸರು, ಆಹಾರ ತಯಾರಿಸುವವರ ಹೆಸರು. ಎರಡೂ ಕಡೆ ನನ್ನ ಹೆಸರನ್ನೇ ಹಾಕಿದೆ.

"ನನ್ನ ಹೆಸರು ಹಾಕಿದ್ರ್ಯಾ?" ಒಳಗಿನಿಂದ ಕಸ್ತೂರಿ ಕೇಳಿದಳು.

"ಮನಿ ಯಜಮಾನನ ಹೆಸರಿದ್ರ ವಜನ ಇರ್ತೈತಿ!"

ವಜನಿನ ಮೊದಲ ಫಲ ನಾಲ್ಕೇ ದಿನದಲ್ಲಿ ಸಿಕ್ಕಿತು. ಆಹಾರ ತಯಾರಿಸುವವರು ಆರೋಗ್ಯದ ಪ್ರಮಾಣಪತ್ರ ಇಟ್ಟುಕೊಳ್ಳಬೇಕಂತೆ. ತಯಾರಿಸುವವನು ನಾನೇ ಅಲ್ಲವೆ? ದವಾಖಾನೆಗೆ ಹೋದೆ. ಡಾಕ್ಟರು ನನ್ನ ಉಗುರು ನೋಡಿದರು, ನಾಲಿಗೆ ನೋಡಿದರು, ರಕ್ತ ತೆಗೆದರು, ವಿಷಮಜ್ವರದ ಚುಚ್ಚುಮದ್ದು ಚುಚ್ಚಿದರು. "ರೊಟ್ಟಿ ನೀವ ಬಡಿತೀರೇನ್ರಿ?" ಎಂದು ಎರಡು ಸಲ ಕೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಎರಡು ದಿನ ಬಲಗೈ ಎತ್ತಲಾಗಲಿಲ್ಲ. ಆ ಎರಡೂ ದಿನ ಕಸ್ತೂರಿ ನನಗೆ ಅನ್ನ ಕಲಸಿ ಕೊಡುತ್ತ, "ಪಾಪ, ರೊಟ್ಟಿ ಬಡಿದು ಬಡಿದು ಕೈ ನೊಂದೈತಿ" ಎಂದು ಫಕೀರವ್ವನಿಗೆ ಹೇಳಿದಳು.

ಅಂತೂ ಮೊಬೈಲಿಗೆ ಪ್ರಮಾಣಪತ್ರ ಬಂತು. ನೋಂದಣಿಯ ಸಂಖ್ಯೆ ಕಂಡದ್ದೇ ತಡ, ಉಳಿದದ್ದನ್ನು ಓದುವ ತಾಳ್ಮೆ ಉಳಿಯಲಿಲ್ಲ. ನೇರ ಇಮಾಮಸಾಬರ ಛಾಪಖಾನೆಗೆ ಓಡಿದೆ. ಗದಗಿನಲ್ಲಿ ಛಾಪಖಾನೆಗಳಿಗೇನು ಬರ? ಆದರೆ ಇಮಾಮಸಾಬರ ಕೆಲಸ ಅಚ್ಚುಕಟ್ಟು. ಪಾಕೀಟಿಗೆ ಅಂಟಿಸುವ ಚೀಟಿಯ ನಮೂನೆಯನ್ನು ನಾನೇ ಬರೆದುಕೊಂಡು ಹೋಗಿದ್ದೆ. ಸುತ್ತಲೂ ಇಳಕಲ್ ಸೀರೆಯ ದಡಿ, ನಡುವೆ 'ಕಸ್ತೂರಿ ಖಡಕ್ ರೊಟ್ಟಿ', ಕೆಳಗೆ ಸಂಖ್ಯೆ. ಬಿಸ್ಕೀಟಿನ ಪಾಕೀಟಿನ ಮೇಲೆ ಪುಟ್ಟ ಚೌಕದೊಳಗೊಂದು ಚುಕ್ಕಿ ಇರುತ್ತದಲ್ಲ, ಅಲಂಕಾರಕ್ಕಿರಲಿ ಎಂದು ಅದನ್ನೂ ಬರೆದಿದ್ದೆ.

"ಸರ, ಈ ಚುಕ್ಕಿ ಹಸರ..." ಎಂದು ಇಮಾಮಸಾಬರು ಶುರು ಮಾಡಿದರು.

"ಹಸರ ಬ್ಯಾಡ. ದಡಿ ಕೆಂಪ ಐತಿ, ಚುಕ್ಕೀನೂ ಕೆಂಪ ಮಾಡ್ರಿ."

"ಅಲ್ರಿ ಸರ, ಕೆಂಪಂದ್ರ..."

"ಕೆಂಪಂದ್ರ ಕುಂಕುಮ! ಶುಭ!"

"ಹಂಗಲ್ರಿ, ಒಂದ್ ಮಾತ್..."

"ಇಮಾಮಸಾಬ್, ನಾ ಮೂವತ್ತು ವರ್ಷ ಕಾಗದದಾಗ ಕೆಲಸ ಮಾಡೀನಿ."

ಇಮಾಮಸಾಬರು ಒಂದು ನಿಟ್ಟುಸಿರು ಬಿಟ್ಟು ಎರಡು ಸಾವಿರ ಚೀಟಿ ಛಾಪಿಸಿಕೊಟ್ಟರು. ಕಣ್ಣು ತುಂಬುವಂತಿದ್ದವು!

ಮೊದಲ ನೂರು ಪಾಕೀಟುಗಳನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮೇಶ್ವರಕ್ಕೆ ಒಯ್ದು ಕೊಟ್ಟು ಬಂದೆ. ಮೂರನೆಯ ದಿನ ಸಿದ್ದಲಿಂಗಪ್ಪನ ಫೋನು.

"ಸರ, ಒಂದ್ ಮಾತ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ರೊಟ್ಟಿಯೊಳಗ ಏನ ಹಾಕೀರಿ?"

"ಜ್ವಾಳ, ನೀರು, ಉಪ್ಪು. ಮತ್ತೇನ ಹಾಕತಾರ?"

"ಪಾಕೀಟಿನ ಮ್ಯಾಲ ಮಾಂಸದ ಗುರುತ ಐತಲ್ರಿ! ನಮ್ಮ ಓಣಿ ನೀಲಮ್ಮಜ್ಜಿ ಬದನಿಕಾಯಿ ಎಣ್ಣೆಗಾಯಿ ಹಚ್ಕೊಂಡು ಎರಡು ರೊಟ್ಟಿ ತಿಂದಾಳ. ಆಮ್ಯಾಲ ಮೊಮ್ಮಗಳು ಕೆಂಪು ಚುಕ್ಕಿ ತೋರಿಸ್ಯಾಳ. ಅಜ್ಜಿ ಎದ್ದಾಕೀನ ತಣ್ಣೀರಾಗ ತಲಿಮ್ಯಾಲ ಸ್ನಾನ ಮಾಡಿ, ಒದ್ದಿ ಸೀರಿಯೊಳಗ ನಮ್ಮ ಅಂಗಡಿ ಮುಂದ ಬಂದು ಕುಂತಾಳ್ರಿ!"

ಇಮಾಮಸಾಬರು ಹೇಳಹೊರಟದ್ದು ಏನೆಂದು ಆಗ ತಿಳಿಯಿತು. ಆದರೂ ಕ್ಲಾರ್ಕಿಯ ಧೈರ್ಯ ಬಿಡಲಿಲ್ಲ. "ಅದು ಬರೇ ಬಣ್ಣದ ತಪ್ಪು. ಸರಕಾರದ ಪ್ರಮಾಣಪತ್ರನ ಕಳಸ್ತೀನಿ, ಅಜ್ಜಿಗೆ ಓದಿ ಹೇಳ್ರಿ" ಎಂದು ಪ್ರಮಾಣಪತ್ರದ ಫೋಟೋ ಕಳಿಸಿದೆ. ಎರಡು ನಿಮಿಷದಲ್ಲಿ ಮತ್ತೆ ಫೋನು.

"ಸರ..."

"ಓದಿದ್ರ್ಯಾ? ಈಗ ಸಮಾಧಾನ ಆತೇನು?"

"ಇದರಾಗ 'ಮೀನು ಸಂಸ್ಕರಣೆ' ಅಂತ ಐತಲ್ರಿ!"

ಆಗ ದೇವರ ಮನೆಗೆ ಹೋಗಿ ಕನ್ನಡಕ ಹಾಕಿಕೊಂಡು ನನ್ನ ಪ್ರಮಾಣಪತ್ರವನ್ನು ಮೊಟ್ಟಮೊದಲ ಸಲ, ಗಟ್ಟಿಯಾಗಿ, ಓದಿದೆ. ಮೀನು! ಸ್ಪಷ್ಟವಾಗಿ, ಸರಕಾರಿ ಅಕ್ಷರಗಳಲ್ಲಿ, ಮೀನು!

ಫಕೀರವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು. "ಅಕ್ಕಾರ, ಹಂಗಾರ ನಾ ನಾಳಿ ಹೊಲಕ್ಕ ಹೋಗ್ಲ್ಯಾ?" ಎಂದು ಮೆಲ್ಲಗೆ ಕೇಳಿದಳು. ಆ ಪ್ರಶ್ನೆ ನನಗೆ ಚುಚ್ಚುಮದ್ದಿಗಿಂತ ಹೆಚ್ಚು ನೋಯಿಸಿತು. ಕಸ್ತೂರಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನಮ್ಮ ಊರಾಗ ಕುಡಿಯೂ ನೀರು ವಾರಕ್ಕೊಮ್ಮೆ ಬರ್ತೈತಿ" ಎಂದಳು. "ನೀವು ಮೀನ ಎಲ್ಲಿ ಬಿಟ್ಟಿದ್ರಿ?"

ಮರುದಿನ ಬೆಳಿಗ್ಗೆ ಇದನ್ನು ಹೇಗೆ ಸರಿಪಡಿಸುವುದೆಂದು ಯೋಚಿಸುತ್ತ ಕುಳಿತಿರುವಾಗಲೇ ಆಹಾರ ಸುರಕ್ಷತಾ ಅಧಿಕಾರಿ ತಪಾಸಣೆಗೆ ಬಂದರು. ಮುಂಡರಗಿ ಕಡೆಯ ಹೆಣ್ಣುಮಗಳು, ಸಣ್ಣ ವಯಸ್ಸು, ಕೈಯಲ್ಲಿ ಫೈಲು. ಬರುವಾಗ ಪಕ್ಕದ ಮನೆಯ ನೇಕಾರ ಮಹಾದೇವಪ್ಪನ ಹತ್ತಿರ "ಮೀನಿನ ಘಟಕ ಯಾವ ಕಡೆ ರೀ?" ಎಂದು ದಾರಿ ಕೇಳಿದ್ದರಂತೆ. ಮಹಾದೇವಪ್ಪ ಮಗ್ಗ ನಿಲ್ಲಿಸಿ, ಮೂಗು ಮುಚ್ಚಿಕೊಂಡು ಅವರ ಹಿಂದೆಯೇ ಬಂದಿದ್ದ. ಇಷ್ಟು ವರ್ಷ ಆ ಮೂಗಿಗೆ ಯಾವ ವಾಸನೆಯೂ ಬಂದಿರಲಿಲ್ಲ!

"ಸರ್, ಬರ್ಫದ ಪೆಟ್ಟಿಗಿ ಎಲ್ಲೈತ್ರಿ? ಮೀನು ತೊಳ್ಯೂ ಜಾಗ?" ಎಂದು ಅಧಿಕಾರಿ ಕೇಳಿದರು.

ಪಟ್ಟಿ ಜಾರಿದ ಕಥೆಯನ್ನು ಹೇಳಿದೆ. ಅವರು ತುಟಿ ಬಿಗಿಹಿಡಿದು ಕೇಳಿದರು. ನಕ್ಕರೆ ಸರಕಾರದ ಮರ್ಯಾದೆ ಹೋಗುತ್ತದೆಂದು ಇರಬೇಕು.

"ಆತ್ರಿ, ಅದನ್ನ ತಿದ್ದುಪಡಿ ಮಾಡೂಣು. ಮತ್ತ ರೊಟ್ಟಿ ತಯಾರಿಸವ್ರು ನೀವ ಅಲ್ರಿ? ಪ್ರಮಾಣಪತ್ರದಾಗ ನಿಮ್ಮ ಹೆಸರ ಐತಿ. ಒಂದು ರೊಟ್ಟಿ ಮಾಡ್ರಿ. ಸ್ವಚ್ಛತಾ ಹೆಂಗ ಪಾಲಸ್ತೀರಿ ನೋಡ್ತೀನಿ."

ಆ ಕ್ಷಣದಲ್ಲಿ ಬುದ್ಧಿಯಿದ್ದವನು ಏನು ಹೇಳುತ್ತಿದ್ದ? "ತಾಯಿ, ತಪ್ಪಾತು" ಎನ್ನುತ್ತಿದ್ದ. ಆದರೆ ಬಾಗಿಲಲ್ಲಿ ಮಹಾದೇವಪ್ಪ ನಿಂತಿದ್ದ! "ಅದಕ್ಕೇನ್ರಿ!" ಎಂದು ನಾನು ಅಂಗಿಯ ತೋಳು ಮಡಚಿದೆ.

ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದೆ. ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡೆ. ಹಿಟ್ಟಿನ ಉಂಡೆ ಹಿಡಿದು ಹಲಗೆಯ ಮುಂದೆ ಕುಳಿತೆ. ಮೂವತ್ತೆಂಟು ವರ್ಷ ಕಸ್ತೂರಿ ರೊಟ್ಟಿ ಬಡಿಯುವುದನ್ನು ನೋಡಿದ್ದೇನೆ, ಇದರಲ್ಲೇನು ದೊಡ್ಡ ವಿದ್ಯೆ? ಪಟ್ ಪಟ್ ಎಂದು ಎರಡು ಏಟು ಹಾಕಿದೆ. ಉಂಡೆ ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಸೀಳಿತು. ಸೀಳನ್ನು ಮುಚ್ಚಲು ಹೋದರೆ ನಡುವೆ ತೂತು ಬಿತ್ತು. ತೂತಿಗೆ ತೇಪೆ ಹಾಕುವಷ್ಟರಲ್ಲಿ ಟೊಪ್ಪಿಗೆ ಕಣ್ಣಿನ ಮೇಲೆ ಜಾರಿತು. ಕುರುಡನಂತೆ ಬಡಿದೆ. ಎತ್ತಿ ಹಂಚಿಗೆ ಹಾಕಿದರೆ ಅರ್ಧ ಹಂಚಿನಲ್ಲಿ ಬಿತ್ತು, ಅರ್ಧ ನನ್ನ ಮುಂಗೈಗೆ ಅಂಟಿಕೊಂಡಿತು! ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಫಕೀರವ್ವ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಅಲುಗುತ್ತಿತ್ತು.

ಅಧಿಕಾರಿ ಬಗ್ಗಿ ಹಂಚನ್ನು ನೋಡಿದರು. ಅಗಲವಾದ ಹೊಟ್ಟೆ, ಸೀಳಿದ ಬಾಲ, ತೂತಿನ ಜಾಗದಲ್ಲಿ ಒಂದು ಕಣ್ಣು.

"ಸರ್," ಎಂದರು, "ಖರೇನ ಮೀನ ಆಗೇತ್ರಿ!"

ಸರಕಾರದ ಮರ್ಯಾದೆ ಅಲ್ಲಿಗೆ ಹೋಯಿತು. ಎಲ್ಲರೂ ನಕ್ಕರು. ಮಹಾದೇವಪ್ಪ ಮೂಗಿನಿಂದ ಕೈ ತೆಗೆದು ಹೊಟ್ಟೆ ಹಿಡಿದುಕೊಂಡ. ಕೊನೆಗೆ ನಾನೂ ನಕ್ಕೆ. ನಕ್ಕ ಮೇಲೆ ನಿಜ ಹೇಳುವುದು ಸುಲಭವಾಯಿತು.

"ಮೇಡಂ, ರೊಟ್ಟಿ ಆಕೀದು. ಹೆಸರು ಅಷ್ಟ ನಂದು."

ಕಸ್ತೂರಿ ಕೂದಲು ಕಟ್ಟಿಕೊಂಡು, ಬಳೆ ತೆಗೆದಿಟ್ಟು, ಕೈ ತೊಳೆದು ಕುಳಿತಳು. ಅವಳ ಅಂಗೈಯ ಕೆಳಗೆ ಹಿಟ್ಟು ತಾನೇ ತಿರುಗತೊಡಗಿತು. ಅಂಚು ಎಲ್ಲೂ ಸೀಳಲಿಲ್ಲ. ಚಂದ್ರನಂಥ ರೊಟ್ಟಿ ಹಂಚಿಗೆ ಬಿತ್ತು. ಅಧಿಕಾರಿ ಮುಚ್ಚಿಟ್ಟ ನೀರು ನೋಡಿದರು, ಗೋಡೆಯಿಂದ ದೂರ, ಹಲಗೆಯ ಮೇಲಿಟ್ಟ ಹಿಟ್ಟಿನ ಡಬ್ಬಿಗಳನ್ನು ನೋಡಿದರು, ಕಿಟಕಿಯ ಜಾಳಿಗೆಯನ್ನು ನೋಡಿದರು. ನೋಡಿದ್ದೆಲ್ಲ ಸರಿಯಾಗಿತ್ತು. ಯಾವುದನ್ನೂ ನಾನು ಮಾಡಿರಲಿಲ್ಲ.

"ಅಕ್ಕಾರ, ತಿದ್ದುಪಡಿ ಅರ್ಜಿ ನೀವ ತುಂಬ್ರಿ, ನಾ ಹೇಳ್ತೀನಿ" ಎಂದರು. ಕಸ್ತೂರಿ ಮೊಬೈಲು ಹಿಡಿದಳು. ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು, 'ಖಚಿತವೇ?' ಎಂದು ಕೇಳಿದಾಗ ಮತ್ತೊಮ್ಮೆ ಮೊದಲಿನಿಂದ ಓದಿದಳು. ಹತ್ತು ನಿಮಿಷದಲ್ಲಿ ಮೀನು ಹೋಗಿ ಜೋಳ ಬಂತು, ನಾನು ಹೋಗಿ ಅವಳು ಬಂದಳು.

ಕೆಂಪು ಚುಕ್ಕಿಯ ಚೀಟಿಗಳ ಹಿಂಬದಿಯಲ್ಲಿ ನಮ್ಮ ಮನೆಯ ಸಂತೆಯ ಯಾದಿ ಇನ್ನೂ ಹಲವು ವರ್ಷ ಬರೆಯಬಹುದು. ಇಮಾಮಸಾಬರು ಹಸಿರು ಚುಕ್ಕಿಯದು ಛಾಪಿಸಿಕೊಟ್ಟರು. ಆ ಸಲ ಅವರ ಜೊತೆ ಕಸ್ತೂರಿಯೇ ಮಾತಾಡಿದಳು. ಹೊಸ ಪ್ರಮಾಣಪತ್ರ ಹಿಡಿದು ಲಕ್ಷ್ಮೇಶ್ವರಕ್ಕೆ ಹೋಗಿ ನೀಲಮ್ಮಜ್ಜಿಯ ಕಾಲು ಮುಟ್ಟಿದಳು. ಅಜ್ಜಿ ಒಂದು ರೊಟ್ಟಿ ಮುರಿದು, ಮೂಸಿ ನೋಡಿ, ಬಾಯಿಗಿಟ್ಟುಕೊಂಡು, "ಅವತ್ತಿಂದೂ ಇಷ್ಟ ರುಚಿ ಇತ್ತವ್ವಾ. ಅದಕ್ಕ ನನಗ ಸಂಶೆ ಬಂದಿತ್ತು" ಎಂದಳಂತೆ.

ಈಗ ವಾರಕ್ಕೆ ಇನ್ನೂರು ಪಾಕೀಟು ಹೋಗುತ್ತವೆ. ಶಿರಹಟ್ಟಿಯ ಅಂಗಡಿಯೊಂದು ಹೊಸದಾಗಿ ಸೇರಿದೆ. ಮನೆಯಲ್ಲಿ ದಿನವಿಡೀ ಪಟ್ ಪಟ್ ಸಪ್ಪಳ, ಸುಟ್ಟ ಜೋಳದ ವಾಸನೆ, ನಗು. ನಾನು ಸುಖವಾಗಿದ್ದೇನೆ. ಪಾಕೀಟಿಗೆ ಚೀಟಿ ಅಂಟಿಸುವ ಜವಾಬ್ದಾರಿಯುತ ಹುದ್ದೆಯನ್ನು ಕಸ್ತೂರಿ ನನಗೆ ಕೊಟ್ಟಿದ್ದಾಳೆ. ಆದರೆ ನಾನು ಅಂಟಿಸಿದ್ದನ್ನು ಪರೀಕ್ಷಿಸಲು ನನ್ನ ಮೇಲೆ ಫಕೀರವ್ವನನ್ನು ನೇಮಿಸಿದ್ದಾಳೆ. ಫಕೀರವ್ವನಿಗೆ ಓದಲು ಬರೆಯಲು ಬರುವುದಿಲ್ಲ.

ಆದರೂ ಇಲ್ಲಿಯವರೆಗೆ ನನ್ನ ಏಳು ತಪ್ಪು ಹಿಡಿದಿದ್ದಾಳೆ!