ಬೊಂಬಾಯಿ ಇಷ್ಟು ಹತ್ತಿರವೇ?

ವಿಮಾನದ ಟಿಕೆಟ್ ಕೊಡುವ ಮೇಜಿನ ಹಿಂದೆ ಕೂತವನಿಗೆ ಆಗ ಬೇರೆ ಮನರಂಜನೆ ಬೇಕಾಗುತ್ತಿರಲಿಲ್ಲ. ದಿನವೂ ಒಂದಲ್ಲ ಒಂದು ನಡೆಯುತ್ತಿತ್ತು. ಬಜ್ಪೆಯ ಗುಡ್ಡದ ಮೇಲೆ ವಿಮಾನ ಇಳಿಯತೊಡಗಿದ ಹೊಸತು. ಹಡಗಿನಲ್ಲೋ, ಘಟ್ಟ ಹತ್ತಿ ಬಸ್ಸು ರೈಲು ಬದಲಿಸಿಯೋ ಮೈ ಹಣ್ಣು ಮಾಡಿಕೊಂಡು ಬೊಂಬಾಯಿ ಸೇರುತ್ತಿದ್ದ ಜನ. "ಸುಮಾರು ಮೂರು ಗಂಟೆ" ಎಂದು ನಾನು ಹೇಳಿದರೆ ಅವರ ಬಾಯಿ ತೆರೆದೇ ಇರುತ್ತಿತ್ತು. ನಿಜ ಹೇಳಬೇಕೆಂದರೆ, ಹಾಗೆ ಹೇಳುವಾಗ ನನಗೂ ಮೈ ಜುಮ್ಮೆನ್ನುತ್ತಿತ್ತು.

ಬುತ್ತಿ

ಉಳ್ಳಾಲದ ಸಾಹುಕಾರರೊಬ್ಬರು ವ್ಯಾಪಾರಕ್ಕೆಂದು ಸದಾ ಹಡಗಿನಲ್ಲೇ ಬೊಂಬಾಯಿಗೆ ಹೋಗುವವರು. ಮೊದಲ ಸಲ ವಿಮಾನಕ್ಕೆ ಬಂದಾಗಲೂ ಹಾಸಿಗೆ ಸುತ್ತಿಕೊಂಡು, ದೊಡ್ಡ ಡಬ್ಬಿ ತುಂಬ ಅಕ್ಕಿಯ ಪತ್ತಿರಿ ರೊಟ್ಟಿ, ಕೋಳಿ ಸುಕ್ಕ ಹಿಡಿದುಕೊಂಡು ಬಂದಿದ್ದರು.

"ಹಾಸಿಗೆ ಯಾಕೆ?" ಎಂದೆ.

"ಎಂತ ಮಾರಾಯ, ದಾರಿಯಲ್ಲಿ ಮಲಗುವುದು ಬೇಡವಾ?"

ವಾಪಸು ಬಂದವರು ನೇರ ನನ್ನ ಮೇಜಿಗೇ ಬಂದರು. "ಮೋಡ ಕೆಳಗೆ, ನಾವು ಮೇಲೆ! ಅದನ್ನು ನೋಡ್ತಾ ಹಸಿವೇ ಮರೆತುಹೋಯ್ತು. ಆಮೇಲೆ ಡಬ್ಬಿ ಬಿಚ್ಚಿ ಅಕ್ಕಪಕ್ಕದವರಿಗೆಲ್ಲ ಬಡಿಸಿದೆ. ನಾನು ಒಂದು ತುಂಡು ಬಾಯಿಗಿಡುವಾಗ ಬೊಂಬಾಯಿ ಬಂತಂತೆ! ವಿಮಾನದ ಹುಡುಗಿ ಹತ್ತಿರ ಹೇಳಿದೆ, ಡ್ರೈವರಿಗೆ ಹೇಳಮ್ಮ, ಇನ್ನೊಂದು ಸುತ್ತು ಹೊಡೆಯಲಿ, ನನ್ನ ಊಟ ಆಗಲಿಲ್ಲ."

ಕುಂದಾಪುರದ ದಾರಿ

ಅತ್ತಾವರದ ಅಣ್ಣತಮ್ಮಂದಿರು ಒಂದೇ ಬೆಳಿಗ್ಗೆ ಮನೆಯಿಂದ ಹೊರಟರು. ತಮ್ಮ ವಿಮಾನದಲ್ಲಿ ಬೊಂಬಾಯಿಗೆ. ಅಣ್ಣ ಮಗಳಿಗೆ ಗಂಡು ನೋಡಲು ಬಸ್ಸಿನಲ್ಲಿ ಕುಂದಾಪುರಕ್ಕೆ. ಆಗ ಆ ದಾರಿಯ ದೊಡ್ಡ ಹೊಳೆಗಳಿಗೆ ಸೇತುವೆ ಇರಲಿಲ್ಲ. ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕು.

ಊರಿಗೆ ಮರಳಿದ ಅಣ್ಣ ನನ್ನಲ್ಲಿಗೆ ಬಂದರು. "ದೋಣಿಗೆ ಕಾಯ್ತಾ ಇದ್ದೆ. ತಲೆ ಮೇಲೆ ಸದ್ದು. ನೋಡಿದರೆ ತಮ್ಮನ ವಿಮಾನ! ಕೈ ಬೀಸಿದೆ. ಅವನು ಅಲ್ಲಿ ಉಂಡು ಮಲಗುವಾಗಲೂ ನಾನು ಇನ್ನೊಂದು ಹೊಳೆಯ ಈಚೆಯೇ!"

"ಸಂಬಂಧ ಕುದುರಿತಾ?"

"ಪುನಃ ಬರಲಿಕ್ಕೆ ಹೇಳಿದ್ದಾರೆ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಬೊಂಬಾಯಿಯಿಂದ ಕುಂದಾಪುರಕ್ಕೆ ಬಸ್ಸು ಉಂಟಾ? ಆ ದಾರಿಯೇ ಹತ್ತಿರ ಕಾಣ್ತದೆ."

ಬಾಯಮ್ಮ

ಕೊಂಕಣಿ ಮನೆಮಾತಿನ ವಯಸ್ಸಾದ ಬಾಯಮ್ಮ ಒಬ್ಬರು ಮಗನ ಜೊತೆ ಅಳುತ್ತ ಬಂದರು. ಬೊಂಬಾಯಿಯಲ್ಲಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿತ್ತು.

"ಮಗಳ ಮುಖ ನೋಡಲಿಕ್ಕೆ ಸಿಗ್ತದಾ, ಮಗಾ?"

"ಸಂಜೆಯೊಳಗೆ ಅವಳ ಪಕ್ಕದಲ್ಲಿ ಇರ್ತೀರಿ, ಬಾಯಮ್ಮ."

ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂಬಂತೆ ನನ್ನನ್ನೇ ನೋಡಿದರು. ಮಗ ಅವರೊಬ್ಬರಿಗೇ ಟಿಕೆಟ್ ತೆಗೆದು, ಭಾವನಿಗೆ ತಿಳಿಸಲು ಅಂಚೆ ಕಚೇರಿಗೆ ಓಡಿದ.

ಊರಿಗೆ ಮರಳಿದ ಮೇಲೆ ಬಾಯಮ್ಮ ಮಿಠಾಯಿ ತಂದುಕೊಟ್ಟು ಹೇಳಿದ ಕಥೆ ಇದು. ಜಪಸರ ಹಿಡಿದು ಕಣ್ಣು ಮುಚ್ಚಿದವರು, ಬಿಟ್ಟಾಗ ಬೊಂಬಾಯಿ. ಜೊತೆಗೆ ಬಂದಿದ್ದ ಪ್ರಯಾಣಿಕರೊಬ್ಬರು ಆಸ್ಪತ್ರೆಗೇ ಮುಟ್ಟಿಸಿದರು. ಬಾಯಮ್ಮ ಬಾಗಿಲಲ್ಲಿ ಕಾಯುತ್ತಿದ್ದಾಗಲೇ ಒಳಗೆ ಮಗು ಅತ್ತಿತು. ತಾಯಿ ಮಗು ಇಬ್ಬರೂ ಕ್ಷೇಮ.

ಮರುದಿನ ಬೆಳಿಗ್ಗೆ ಅಳಿಯನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಬಾಗಿಲಿಗೆ ತಂತಿ ಬಂತು. ತಂತಿ ಎಂದರೆ ಸಾವೇ ಎನ್ನುವ ಕಾಲ. ಬಾಯಮ್ಮ ಗೋಳೋ ಎಂದು ಅತ್ತರು. ಅಳಿಯ ಒಡೆದು ಗಟ್ಟಿಯಾಗಿ ಓದಿದ: "ತಾಯಿ ವಿಮಾನದಲ್ಲಿ ಹೊರಟಿದ್ದಾರೆ. ಕರೆತರಲು ಹೋಗಿ."

ಬಾಯಮ್ಮ ಕಣ್ಣೊರೆಸಿಕೊಂಡು ಅಳಿಯನನ್ನು ಅವಸರಪಡಿಸಿದರು: "ಬೇಗ ಹೋಗು ಮಗಾ! ಪಾಪ, ಯಾರ ತಾಯಿಯೋ ಏನೋ, ಈ ವಯಸ್ಸಿನಲ್ಲಿ ಒಬ್ಬಳೇ ಬರ್ತಿದ್ದಾಳೆ!"