ರಾಯರ ಮುಂದಿಟ್ಟ ಎರಡು ಚೀಟಿ

ಎರಡನೆಯ ಲಕೋಟೆ ಬಂದಾಗ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮೋಸ ಅರಿಯದ ಹೆಂಗಸು ಎಂದು ನನ್ನ ಬಗ್ಗೆ ನನಗೇ ಒಂದು ಅಭಿಪ್ರಾಯವಿತ್ತು. ಅದು ಹೇಗೆ ಕೆಟ್ಟಿತೆಂಬುದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಅಮೆರಿಕದ ಕಾಲೇಜುಗಳ ಟಪಾಲನ್ನು ಒಡೆಯುವ ಮೊದಲೇ ಫಲಿತಾಂಶ ತಿಳಿಯುತ್ತದೆ. ತೆಳ್ಳಗಿದ್ದರೆ ವಿಷಾದ, ದಪ್ಪಗಿದ್ದರೆ ಸೀಟು. ಮಗಳು ಮೇಘನಾ ಹೊತ್ತು ತಂದದ್ದು ನಮ್ಮ ಮದುವೆಯ ಆಲ್ಬಮ್ಮಿನಷ್ಟು ದಪ್ಪಗಿತ್ತು. "ಅಮ್ಮಾ, ಇದೂ ಸಿಕ್ತು!" ಎಂದು ಕಿರುಚಿದಳು. ರಾಯರ ದಯೆ ಎಂದು ಸೊಪ್ಪಿನ ಕೈಯಲ್ಲೇ ನಮಸ್ಕರಿಸಿದೆ. ಮರುಕ್ಷಣ ಹಿಂದೆಯೇ ಬಂದಿದ್ದ ಮೊದಲನೆಯ ದಪ್ಪ ಲಕೋಟೆ ನೆನಪಾಯಿತು. ಒಂದೇ ಬಂದಿದ್ದರೆ ಯೋಚನೆಯಿರಲಿಲ್ಲ.

ನಾವಿರುವ ಅಮೆರಿಕದಲ್ಲಿ ಡಾಕ್ಟರಾಗಲು ಮೊದಲು ನಾಲ್ಕು ವರ್ಷ ಡಿಗ್ರಿ, ಆಮೇಲೆ ಪ್ರವೇಶ ಪರೀಕ್ಷೆ, ಅದರಲ್ಲಿ ಬದುಕಿ ಉಳಿದವರಿಗೆ ಮತ್ತೆ ನಾಲ್ಕು ವರ್ಷ ಮೆಡಿಕಲ್. ಕೆಲವೇ ಕಡೆ ಹೈಸ್ಕೂಲು ಮುಗಿಯುವಾಗಲೇ ಎರಡನ್ನೂ ಸೇರಿಸಿ ಸೀಟು ಕೊಡುತ್ತಾರೆ. ಮೇಘನಾಳಿಗೆ ಸಿಕ್ಕಿದ್ದು ಅಂಥವು ಎರಡು. ಒಂದು, ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಿಂದ ಫ್ರೀವೇ ಹಿಡಿದರೆ ಡಬ್ಬಿಯ ಹುಳಿ ಆರುವುದರೊಳಗೆ ತಲುಪಬಹುದು. ಆದರೆ ಎಂಟು ವರ್ಷ, ನಡುವೆ ಆ ಪರೀಕ್ಷೆಯೂ ಉಂಟು. ಇನ್ನೊಂದು ಏಳೇ ವರ್ಷ, ಪರೀಕ್ಷೆಯ ಕಾಟವಿಲ್ಲ. ಆದರೆ ಎರಡು ವಿಮಾನ ಹತ್ತಿಳಿದು ಹೋಗಬೇಕಾದ ಹಿಮದ ಊರು. ಹೆಸರಿಗೆ ಡಾಟ್ ಕಾಮ್ ಎಂಬ ಬಾಲವಿಲ್ಲದ ಕಂಪನಿಯನ್ನು ಯಾರೂ ತಿರುಗಿ ನೋಡದಿದ್ದ ಕಾಲ ಅದು. ಅಂಥ ಬಾಲವಿದ್ದ ಕಂಪನಿಯಲ್ಲಿದ್ದ ನಮ್ಮವರು ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿ ಹವೆ, ದೂರ, ಊಟ ಎಲ್ಲಕ್ಕೂ ಅಂಕ ಹಾಕಿದರು. ಮೂರು ದಿನ ಕಳೆದ ಮೇಲೆ, "ಸಮ ಸಮ ಬಂತು ಕಣೇ" ಎಂದರು. ಇದೇ ಮನುಷ್ಯ ನನ್ನನ್ನು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ಆರಿಸಿಕೊಂಡಿದ್ದರು.

ಉತ್ತರ ಅಂಚೆಗೆ ಬೀಳಬೇಕಾದ ಕೊನೆಯ ದಿನ ಗುರುವಾರ. ಅಂದು ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೇಘನಾ ಎರಡೂ ಫಾರಂ ತುಂಬಿಸಿಟ್ಟು ಉಗುರು ಕಚ್ಚುತ್ತಿದ್ದಳು. ಅವಳ ಮನಸ್ಸು ದೂರದ ಕಡೆಗಿದೆಯೆಂದು ನನಗೆ ಗೊತ್ತಿತ್ತು. ನಾನು ಅಳುತ್ತೇನೆಂದು ಅವಳಿಗೆ ಗೊತ್ತಿತ್ತು. ಕಡೆಗೆ, "ರಾಯರ ಮುಂದೆ ಚೀಟಿ ಇಡೋಣ" ಎಂದೆ. ನನ್ನ ತಾಯಿ ಮಕ್ಕಳ ಹೆಸರಿನಿಂದ ಹಿಡಿದು ಕಣ್ಣಿನ ಆಪರೇಷನ್ನಿನವರೆಗೆ ಎಲ್ಲವನ್ನೂ ಚೀಟಿಯಲ್ಲೇ ತೀರ್ಮಾನಿಸಿದವರು. "ನನ್ನ ಕೋಷ್ಟಕಕ್ಕಿಂತ ಚೀಟಿ ಹೆಚ್ಚಾ?" ಎಂದು ನಮ್ಮವರು ಗೊಣಗಿದರು. ಮಗಳು ಮಾತ್ರ, "ಓಕೆ ಅಮ್ಮ. ಏನು ಬರುತ್ತೋ ಅಲ್ಲಿಗೇ ಹೋಗ್ತೀನಿ. ಐ ಟ್ರಸ್ಟ್ ಯೂ" ಎಂದಳು.

ರಾಯರನ್ನಲ್ಲ, ನನ್ನನ್ನು! ಆದರೂ ನಾನು ಹಿಂದೆ ಸರಿಯಲಿಲ್ಲ. ಅಡುಗೆಮನೆಗೆ ಹೋಗಿ ಎರಡು ಚೀಟಿ ಬರೆದೆ. ಎರಡರಲ್ಲೂ "ಹತ್ತಿರ" ಎಂದೇ ಬರೆದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅಕ್ಷರ ಕಲಿಸಲಿಲ್ಲವಲ್ಲ ಎಂದು ಅಷ್ಟು ವರ್ಷ ಕೊರಗಿದವಳು, ಆ ದಿನ ಅದನ್ನೂ ಒಂದು ಕೃಪೆಯೆಂದೇ ಎಣಿಸಿದೆ.

ಮಡಿಸಿ ರಾಯರ ಪಟದ ಮುಂದಿಟ್ಟ ಎರಡರಲ್ಲಿ ಮೇಘನಾ ಕಣ್ಣುಮುಚ್ಚಿ ಒಂದನ್ನು ಎತ್ತಿ, ಬಿಡಿಸಿ ನನಗೆ ತೋರಿಸಿದಳು. "ಹತ್ತಿರ" ಎಂದು ಓದಿದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಅವಳ ಮುಖ ಸಣ್ಣಗಾಯಿತು, ಆದರೂ ತಲೆಯಾಡಿಸಿದಳು. ಆಮೇಲೆ, ತಪ್ಪಿಹೋದದ್ದನ್ನು ಒಮ್ಮೆ ನೋಡಿಬಿಡೋಣ ಎನ್ನುವಂತೆ, ಉಳಿದ ಚೀಟಿಯನ್ನೂ ಬಿಡಿಸಿದಳು. ನಾನು ಕೈಚಾಚುವಷ್ಟರಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದಿದ್ದಳು.

"ಅಪ್ಪಾ, ಹತ್ತಿರ, ದೂರ ಎರಡನ್ನೂ ಹೀಗೇ ಬರೀತಾರಾ? ಸೇಮ್ ಇದೆ."

ನಮ್ಮವರು ಕನ್ನಡಕ ಏರಿಸಿ ಚೀಟಿಗಳನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮಮ್ಮ ಮಾತ್ರ ಹಾಗೆ ಬರೀತಾಳೆ" ಎಂದರು.

ಗಡಿಯಾರದಲ್ಲಿ ನಾಲ್ಕೂವರೆ, ಐದಕ್ಕೆ ಅಂಚೆ ಕಚೇರಿ ಮುಚ್ಚುತ್ತಿತ್ತು. ಮೇಘನಾ ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಪಾಪ, ದೇವರಿಗೂ ಚಾಯ್ಸ್ ಕೊಡ್ಲಿಲ್ಲ ನೀನು" ಎಂದು ಅವಳು ನಕ್ಕಳು, ಕಣ್ಣು ಒದ್ದೆಯಾಗಿತ್ತು. "ನನ್ನನ್ನೇ ಕೇಳಬಹುದಿತ್ತಲ್ಲ ಅಮ್ಮ?" "ಈಗ ಕೇಳ್ತಿದೀನಿ, ಹೇಳು" ಎಂದೆ. ಅವಳು ಮೇಜಿನ ಮೇಲಿದ್ದ ದೂರದ ಕಾಲೇಜಿನ ಫಾರಂ ಕಡೆ ನೋಡಿದಳು. ಅದನ್ನು ಲಕೋಟೆಗೆ ಹಾಕಿ ನಾನೇ ಅಂಟಿಸಿ ಅವಳ ಕೈಗಿಟ್ಟೆ. ಅಪ್ಪ ಮಗಳು ಕಾರಿನಲ್ಲಿ ಅಂಚೆ ಕಚೇರಿಗೆ ಓಡಿದರು. ಬಾಗಿಲು ಹಾಕುವ ಮೊದಲು ಮುದ್ರೆ ಬಿತ್ತೆಂದು ಅಲ್ಲಿಂದಲೇ ಫೋನು ಮಾಡಿದರು, ಅದೊಂದು ಪುಣ್ಯ.

ನಾನು ಡ್ರೈಯರಿನಿಂದ ಬಟ್ಟೆ ತೆಗೆದು ಮಡಿಸಲು ಕುಳಿತೆ. ಅವಳ ಬಟ್ಟೆಗಳಲ್ಲಿ ಹಿಮಕ್ಕೆ ತಡೆಯುವಂಥದು ಒಂದೂ ಇರಲಿಲ್ಲ. ರಾಯರೇ, ಆ ಊರಿನ ಚಳಿಯನ್ನು ಸ್ವಲ್ಪ ಕಡಿಮೆ ಮಾಡಿ ಎಂದು ಬೇಡಿಕೊಳ್ಳಬೇಕೆನಿಸಿತು. ಅವರೆದುರು ನನ್ನ ಮಾತಿಗೆ ಇನ್ನು ಕೆಲವು ಗುರುವಾರ ಬೆಲೆಯಿರಲಾರದು ಎಂದುಕೊಂಡು, ಬಾಯಿಮುಚ್ಚಿ ಕಾಲುಚೀಲಗಳ ಜೋಡಿ ಹುಡುಕಿದೆ.