ಮಾವನ ಹಲ್ಲು, ಹಸುವಿನ ಮೇವು

ಬೇಸಿಗೆಯ ಮೇವಿಗೆ ಸಂಚಕಾರ ತಂದದ್ದು ಬರಗಾಲವಲ್ಲ, ಮಾವ ಕಟ್ಟಿಸಿಕೊಂಡಿದ್ದ ಹಲ್ಲು.

ಹೈನುಗಾರ ಈ ಸಲ ರಸಮೇವು ಮಾಡಿಯೇ ತೀರುತ್ತೇನೆಂದು ಹಟ ತೊಟ್ಟಿದ್ದ. ಹಸಿ ಜೋಳದ ದಂಟನ್ನು ಯಂತ್ರದಲ್ಲಿ ಕತ್ತರಿಸಿ, ಗುಂಡಿಗೆ ತುಂಬಿ, ಗಾಳಿ ಉಳಿಯದಂತೆ ತುಳಿದು, ಪ್ಲಾಸ್ಟಿಕ್ ಹೊದಿಸಿ ಮಣ್ಣು ಮುಚ್ಚಬೇಕು. ಒಂದೂವರೆ ತಿಂಗಳು ಮುಟ್ಟಬಾರದು. ಗಾಳಿ ಹೊಕ್ಕರೆ ಮೇವೆಲ್ಲ ಬೂಷ್ಟು, ಹಸುಗಳ ಬಾಯಿಗೆ ಮಣ್ಣು. ಎರಡು ದಿನಕ್ಕೆಂದು ಬಂದಿದ್ದ ಮಾವ ಅಳಿಯನ ಹುರುಪು ಕಂಡು ತಾವೂ ಗುಂಡಿಗಿಳಿದು ಕುಣಿಕುಣಿದು ತುಳಿದರು.

ಮಣ್ಣು ಮುಚ್ಚಿ ಊಟಕ್ಕೆ ಕೂತಾಗ ಮಾವ ಬಾಯಿ ತಡಕಿಕೊಂಡರು.

"ನನ್ನ ಹಯ್ಯು!"

"ಹಲ್ಲಂತೆ," ಎಂದಳು ಹೆಂಡತಿ. "ತುಳಿಯುವಾಗ ಬಿದ್ದಿರ್ಬೇಕು. ಗುಂಡಿ ತೆಗೀರಿ."

"ತೆಗೆಯಲ್ಲ ಅಂದ್ರೆ ತೆಗೆಯಲ್ಲ."

"ಅವಸರ ಇಲ್ಲ," ಎಂದರು ಮಾವ ಎರಡನೇ ಲೋಟ ಹಾಲು ಎತ್ತಿಕೊಂಡು. "ತೆಗೆಯೋವರ್ಗೂ ಇಲ್ಲೇ ಇರ್ತೀನಿ."

ಹೈನುಗಾರ ಲೆಕ್ಕ ಹಾಕಿದ: ಒಂದೂವರೆ ತಿಂಗಳು! ಹಾಲು ಕರೆಯುವ ಬಗೆಯಿಂದ ಮೀಸೆ ಕತ್ತರಿಸುವ ಬಗೆಯವರೆಗೆ ಮಾವ ಆಗಲೇ ಉಪದೇಶ ಮಾಡಿದ್ದರು. ತಲೆ ತಿನ್ನಲು ಅವರಿಗೆ ಹಲ್ಲು ಬೇಕಿರಲಿಲ್ಲ. ಆದರೂ ಅವನು ಹಟ ಬಿಡದೆ ಗುಂಡಿಯ ಮೇಲೆ ಕುರ್ಚಿ ಹಾಕಿಕೊಂಡು ಕಾವಲು ಕೂತ.

ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದೇ ಬಂದ. "ಒಂದು ಮೂಲೆ ಕತ್ತರಿಸಿ ಕೈ ಹಾಕೋಣ. ಆಮೇಲೆ ನಾನೇ ಹೊಲಿದುಕೊಡ್ತೀನಿ."

ಎದುರುಮನೆಯ ಪಂಪು ರಿಪೇರಿಯವ ಅಯಸ್ಕಾಂತ ತಂದ.

"ಹಲ್ಲು ಕಬ್ಬಿಣದ್ದಲ್ಲ ಕಣೋ!"

"ನೋಡದೆ ಹೇಗೆ ಹೇಳ್ತೀಯ?"

ಹೈನುಗಾರ ಇಬ್ಬರನ್ನೂ ಓಡಿಸಿದ. ದರ್ಜಿ ಮಾತ್ರ ಬೇಲಿಯ ಆಚೆಯಿಂದ ತಿರುಗಿ ಕೇಳಿದ: "ಅಲ್ಲಾ, ಹಸು ಆ ಹಲ್ಲು ನುಂಗಿಬಿಟ್ರೆ?"

ಕೊಟ್ಟಿಗೆಯಿಂದ ಗಬ್ಬದ ಹಸು ಹೈನುಗಾರನನ್ನೇ ನೋಡುತ್ತಿತ್ತು. ಅವನು ಗುದ್ದಲಿ ಎತ್ತಿಕೊಂಡ.

ಮೇವನ್ನೆಲ್ಲ ಹೊರಗೆಳೆದು ಹಿಡಿಹಿಡಿಯಾಗಿ ಜಾಲಾಡಿದರು. ಮಾವ ಕನ್ನಡಕ ಏರಿಸಿಕೊಂಡು, ಅಲ್ಲಿ ನೋಡು ಇಲ್ಲಿ ನೋಡು ಎಂದು ಬಗ್ಗಿ ಬಗ್ಗಿ ಅಪ್ಪಣೆ ಮಾಡಿದರು. ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ. ಸದ್ಯ, ಹಸುವಿಗೆ ಅಪಾಯವಿಲ್ಲ ಎಂದುಕೊಂಡು ಹೈನುಗಾರ ಮತ್ತೆ ತುಂಬಿದ, ತುಳಿದ, ಮುಚ್ಚಿದ. ಮುಗಿಯುವಾಗ ಸೂರ್ಯ ಮುಳುಗಿದ್ದ, ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಒಳಗೆ ಹೆಂಡತಿ ಗೂಟದಲ್ಲಿದ್ದ ಅಪ್ಪನ ಕೋಟು ಕೊಡವಿದಳು. ಹಲ್ಲು ಟಕ್ಕೆಂದು ನೆಲಕ್ಕೆ ಬಿತ್ತು.

ಮಾವ ಅದನ್ನು ತೊಳೆದು ಬಾಯಿಗಿಟ್ಟುಕೊಂಡರು. "ಅರೆ, ಕುಣಿದಾಗ ಬೀಳಬಾರದು ಅಂತ ನಾನೇ ತೆಗೆದಿಟ್ಟಿದ್ದೆ!"

ಹೈನುಗಾರನಿಗೆ ಕೋಪಕ್ಕಿಂತ ಖುಷಿಯೇ ಹೆಚ್ಚಾಯಿತು. ಮೇವೂ ಉಳಿಯಿತು, ಮಾವನೂ ಹೊರಟರು.

"ಬೆಳಿಗ್ಗೆ ನಾನೇ ಬಸ್ಸು ಹತ್ತಿಸ್ತೀನಿ ಮಾವ."

"ಆಗ್ಲಿ," ಎಂದು ಎದ್ದ ಮಾವ ನೆಟ್ಟಗೆ ಹೋಗಿ ಗೋಡೆಗೆ ಹಣೆ ಬಡಿಸಿಕೊಂಡರು. ಮೂಗು ತಡಕಿಕೊಂಡರು. ತಲೆ ತಡಕಿಕೊಂಡರು.

"ಅಳಿಯಂದ್ರೇ, ಗುಂಡಿಗೆ ಬಗ್ಗಿದಾಗ ಕನ್ನಡಕ ಇತ್ತಲ್ವಾ?"

ಹೈನುಗಾರ ತನ್ನ ಕಾಲು ನೋಡಿಕೊಂಡ.

"ಪರವಾಗಿಲ್ಲ ಬಿಡಿ," ಎಂದರು ಮಾವ, ಹಲ್ಲೆಲ್ಲ ಕಾಣುವಂತೆ ನಕ್ಕು. "ಒಂದೂವರೆ ತಿಂಗಳು ತಾನೇ?"